ಅಳಿವೆಯ ಪಂಜರಗಳಲ್ಲಿ ಮೀನು ಕಾಯುವ ಕೆಲಸ

ಬಲೆಯೊಳಗೆ ಮರಿ ಬಿಟ್ಟು, ದಿನಕ್ಕೆರಡು ಹೊತ್ತು ಆಹಾರ ಹಾಕಿ, ವರ್ಷ ಕಳೆದ ಮೇಲೆ ಎತ್ತಿ ಮಾರುವುದೇ ಪಂಜರ ಕೃಷಿ ಎಂದುಕೊಂಡು ಬರುವವರು ಬಹಳ ಮಂದಿ. ಆಹಾರ ಹಾಕುವುದು ನನ್ನ ಕೆಲಸದಲ್ಲಿ ತೀರಾ ಹಗುರವಾದ ಭಾಗ. ಬಲೆಯ ಕಣ್ಣುಗಳ ಮೂಲಕ ನೀರು ತಡೆಯಿಲ್ಲದೆ ಹಾದು ಹೋಗುತ್ತಿದೆಯೇ ಎಂದು ನೋಡುವುದರಲ್ಲಿಯೇ ನನ್ನ ಹೆಚ್ಚಿನ ಹೊತ್ತು ಕಳೆಯುತ್ತದೆ. ಮೀನಿಗೆ ಉಸಿರು ಬರುವುದೂ ಅದರ ಹೊಲಸು ಹೊರಗೆ ಹೋಗುವುದೂ ಆ ನೀರಿನಿಂದಲೇ. ಕೊಳದ ಮೀನು ಸಾಕುವವರು ನೀರನ್ನು ಬದಲಾಯಿಸಬಹುದು, ಸುಣ್ಣ ಹಾಕಬಹುದು. ಹರಿಯುವ ಹೊಳೆಗೆ ನಾವು ಏನನ್ನೂ ಹಾಕಲಾರೆವು. ಬಲೆಯನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳಬಹುದು.

ನಮ್ಮ ಪಂಜರಗಳಿರುವುದು ಗಂಗೊಳ್ಳಿ ಅಳಿವೆಯ ಒಳಗೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿದಂತೆ ಐದು ನದಿಗಳು ಕೂಡಿ ಕಡಲು ಸೇರುವ ಜಾಗವಿದು. ಪಂಜರಗಳು ಮೀನುಗಾರರ ಗುಂಪೊಂದರ ಸ್ವತ್ತು, ನಾನು ಅಲ್ಲಿ ಸಂಬಳಕ್ಕಿರುವ ತಂತ್ರಜ್ಞ. ಮೊದಲು ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಪರ್ಸೀನ್ ದೋಣಿಯಲ್ಲಿ ದುಡಿಯುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಪಂಜರ ಕೃಷಿ ಬೇರೂರಲು ಮುಖ್ಯ ಕಾರಣ ಕಾರವಾರದಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ. ನನ್ನ ಓದಿನ ಪಾಲು ಅಲ್ಲಿಂದ ಬಂದದ್ದು, ಕೈಕೆಲಸದ ಪಾಲು ದೋಣಿಯಿಂದ. ಎರಡರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತು ಎಂದು ಕೇಳಿದರೆ ಬಲೆ ಸೂಜಿ ಹಿಡಿಯುವುದು ಎನ್ನುತ್ತೇನೆ.

ಜಿಐ ಪೈಪಿನ ಚೌಕಟ್ಟು, ಅದನ್ನು ತೇಲಿಸಲು ಸುತ್ತಲೂ ಪ್ಲಾಸ್ಟಿಕ್ ಡ್ರಮ್ಮುಗಳು, ನಡೆಯಲು ಹಲಗೆ, ನಾಲ್ಕು ಮೂಲೆಗೂ ಲಂಗರಿನ ಹಗ್ಗ: ನಮ್ಮ ಪಂಜರವೆಂದರೆ ಇಷ್ಟು. ಒಳಗೊಂದು ಬಲೆ, ಹೊರಗೊಂದು ದಪ್ಪ ಬಲೆ, ಮೇಲೆ ಹಕ್ಕಿಗಳಿಗೆ ಅಡ್ಡವಾಗಿ ಮತ್ತೊಂದು. ಜಾಗ ಆರಿಸುವಾಗ ಪೂರ್ಣ ಇಳಿತದ ಹೊತ್ತಿನಲ್ಲಿ ಆಳ ಅಳೆಯಬೇಕು. ಉಬ್ಬರದಲ್ಲಿ ಅಳೆದು ಕಟ್ಟಿದ ಪಂಜರದ ತಳ ಇಳಿತದಲ್ಲಿ ಕೆಸರಿಗೆ ತಾಗುತ್ತದೆ. ಬಿದ್ದ ಆಹಾರ, ಮಲ ಎಲ್ಲ ಅಲ್ಲೇ ಕೊಳೆಯುತ್ತಿರುವಾಗ ಮೀನು ಅದರ ಮೇಲೆಯೇ ಮಲಗಬೇಕಾಗುತ್ತದೆ. ಇಳಿತದಲ್ಲೂ ಬಲೆಯ ತಳದ ಕೆಳಗೆ ಒಂದೂವರೆ ಮೀಟರ್‌ನಷ್ಟಾದರೂ ನೀರು ಇರುವಲ್ಲಿ ಮಾತ್ರ ನಾನು ಲಂಗರು ಹಾಕಿಸುತ್ತೇನೆ.

ನಾವು ಹೆಚ್ಚಾಗಿ ಬೆಳೆಸುವುದು ಸೀಬಾಸ್, ನಮ್ಮ ಕಡೆಯ ಕುರುಡಿ ಮೀನು. ಜೊತೆಗೆ ಒಂದೆರಡು ಪಂಜರದಲ್ಲಿ ಕೆಂಬೇರಿ, ಅಂದರೆ ರೆಡ್ ಸ್ನ್ಯಾಪರ್. ಕುರುಡಿಯ ದೊಡ್ಡ ಗುಣವೆಂದರೆ ಉಪ್ಪು ನೀರಿಗೂ ಸಿಹಿ ನೀರಿಗೂ ಒಗ್ಗುವುದು. ದೊಡ್ಡ ದೋಷವೆಂದರೆ ತನ್ನ ಒಡಹುಟ್ಟಿದವರನ್ನೇ ನುಂಗುವುದು. ಚೆನ್ನೈನಲ್ಲಿರುವ ಚೌಳು ನೀರಿನ ಜಲಕೃಷಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಬಾ 1997ರಲ್ಲಿ ಈ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದರಲ್ಲಿ ಗೆದ್ದ ಮೇಲೆ ಹೊಳೆಯಲ್ಲಿ ಮರಿ ಹುಡುಕುವ ಪಾಡು ತಪ್ಪಿತು. ಈಗಲೂ ನಮ್ಮ ಮರಿಗಳು ಬರುವುದು ತಮಿಳುನಾಡಿನ ಕಡೆಯಿಂದಲೇ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ರಾತ್ರಿಯ ಪ್ರಯಾಣದಲ್ಲಿ. ಚೀಲ ಬಂದೊಡನೆ ಹೊಳೆಗೆ ಸುರಿಯುವಂತಿಲ್ಲ. ಮೊದಲು ಚೀಲವನ್ನೇ ನೀರಿನ ಮೇಲೆ ತೇಲಿಸಿ ಬಿಸಿ ಹೊಂದಿಸಬೇಕು, ಬಳಿಕ ಚೀಲದ ನೀರಿಗೆ ಲೋಟ ಲೋಟವಾಗಿ ಹೊಳೆ ನೀರು ಬೆರೆಸಿ ಉಪ್ಪು ಹೊಂದಿಸಬೇಕು. ಮರಿ ಕಳಿಸುವ ಮೊದಲೇ ಅವರ ತೊಟ್ಟಿಯ ಉಪ್ಪಿನಂಶ ಎಷ್ಟೆಂದು ಫೋನಿನಲ್ಲಿ ಕೇಳಿಕೊಳ್ಳುತ್ತೇನೆ. ಅಂತರ ಹೆಚ್ಚಿದ್ದರೆ ಅವರೇ ಒಂದೆರಡು ದಿನ ಮುಂಚಿತವಾಗಿ ತಗ್ಗಿಸಿ ಕಳಿಸಬಲ್ಲರು. ನರಗಳಿಗೆ ತಗಲುವ ವೈರಸ್ ಒಂದಿದೆ, ಅದಕ್ಕೆ ಮದ್ದಿಲ್ಲ. ಪಿಸಿಆರ್ ಪರೀಕ್ಷೆಯ ವರದಿ ಕೊಡದವರ ಮರಿ ಎಷ್ಟೇ ಅಗ್ಗವಾಗಿದ್ದರೂ ನನಗೆ ಬೇಡ.

ಮೊದಲ ಎರಡು ತಿಂಗಳು ಗಾತ್ರ ಬೇರ್ಪಡಿಸುವುದೇ ಕೆಲಸ. ಕುರುಡಿ ಮರಿ ತನ್ನ ಉದ್ದದ ಅರ್ಧಕ್ಕಿಂತ ಹೆಚ್ಚು ಉದ್ದದ ಮರಿಯನ್ನು ನುಂಗಬಲ್ಲದು, ಕೆಲವೊಮ್ಮೆ ಮೂರರಲ್ಲಿ ಎರಡು ಪಾಲಿನಷ್ಟು ಉದ್ದದ್ದನ್ನೂ. ಸಾವಿರ ಮರಿ ಬಿಟ್ಟು ಹೆಣ ಒಂದೂ ಕಾಣದೆ ಐನೂರಕ್ಕೆ ಇಳಿದ ಪಂಜರಗಳನ್ನು ನಾನು ಬೇರೆಡೆ ನೋಡಿದ್ದೇನೆ. ಸತ್ತವು ಉಳಿದವುಗಳ ಹೊಟ್ಟೆ ಸೇರಿರುತ್ತವೆ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ, ಹಿಂದಿನ ದಿನ ಸಂಜೆಯ ಆಹಾರ ನಿಲ್ಲಿಸಿ, ಬಲೆಯನ್ನು ಒಂದು ಬದಿಗೆ ಎತ್ತಿ ಮರಿಗಳನ್ನು ದೊಡ್ಡ, ನಡು, ಸಣ್ಣ ಎಂದು ವಿಂಗಡಿಸುತ್ತೇವೆ. ಗುಂಪಿನ ಮಹಿಳೆಯರ ಕಣ್ಣು ಈ ಕೆಲಸದಲ್ಲಿ ನನ್ನದಕ್ಕಿಂತ ಚುರುಕು. ಸಂತೆಯಲ್ಲಿ ಬುಟ್ಟಿ ಮೀನನ್ನು ಗಾತ್ರಕ್ಕೆ ತಕ್ಕಂತೆ ಪಾಲು ಹಾಕಿ ಪಳಗಿದ ಕೈಗಳವು.

ಇನ್ನು ಬಲೆ. ಮರಿಗಳಿಗೆ 8 ಮಿ.ಮೀ. ಕಣ್ಣಿನ ಬಲೆ ಬೇಕು. ಬೇಸಿಗೆಯಲ್ಲಿ ಅದು ವಾರ ಹತ್ತು ದಿನಕ್ಕೇ ಪಾಚಿ, ಕೆಸರು ಹಿಡಿದು ಗೋಣಿಚೀಲದಂತಾಗುತ್ತದೆ. ಮೀನು ಬೆಳೆದಂತೆ ಕಣ್ಣು ದೊಡ್ಡದು ಮಾಡುತ್ತ ಹೋದರೆ ಅಷ್ಟರಮಟ್ಟಿಗೆ ಸುಖ, ಆದರೆ ಆಗ ಪಚ್ಚಿಲೆ, ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಜೀವಿಗಳು ಅಂಟಿಕೊಳ್ಳಲು ಶುರುವಾಗುತ್ತದೆ. ಅವು ಕಟ್ಟಿದ ಬಲೆಯನ್ನು ಎತ್ತಲು ನಾಲ್ಕು ಜನ ಸಾಲುವುದಿಲ್ಲ. ಬಾರ್ನಕಲ್ಲಿನ ಚೂಪು ಅಂಚಿಗೆ ಉಜ್ಜಿದ ಮೀನಿನ ಮೈಯಲ್ಲಿ ಗಾಯ, ಗಾಯದಲ್ಲಿ ಸೋಂಕು. ಆದ್ದರಿಂದ ಬಲೆ ಕೊಳಕಾಗಿ ಕಂಡ ಮೇಲೆ ಬದಲಿಸುವುದು ತಡವಾದ ಮಾತು. ಉಬ್ಬರ ಇಳಿತಗಳ ನಡುವೆ ನೀರಿನ ಓಟ ನಿಂತ ಹೊತ್ತು ನೋಡಿ, ಹೊಸ ಬಲೆಯ ಒಂದು ಬದಿಯನ್ನು ಹಳೆಯದರ ಅಂಚಿಗೆ ಹೊಲಿದು, ಹಳೆಯದನ್ನು ಎದುರು ಬದಿಯಿಂದ ನಿಧಾನವಾಗಿ ಎತ್ತುತ್ತ ಬಂದರೆ ಮೀನು ತಾನಾಗಿಯೇ ಹೊಸ ಬಲೆಗೆ ಜಾರುತ್ತದೆ. ಕೈಬಲೆಯಿಂದ ಮೊಗೆದು ಹಾಕುವವರಿದ್ದಾರೆ. ಮೈಮೇಲಿನ ಹುರುಪೆ ಕಿತ್ತ ಮೀನು ಮುಂದಿನ ವಾರ ತೇಲಿದಾಗ ರೋಗ ಬಂತು ಎನ್ನುತ್ತಾರೆ. ಎತ್ತಿದ ಬಲೆಯನ್ನು ಮರಳ ಮೇಲೆ ಬಿಸಿಲಿಗೆ ಹರಡಿ, ಒಣಗಿದ್ದನ್ನು ಬಡಿದು ಉದುರಿಸಿ, ನೀರಿನ ಜೆಟ್‌ನಿಂದ ತೊಳೆದು, ಕಣ್ಣು ಕಣ್ಣೂ ಪರೀಕ್ಷಿಸಿ ಹರಿದಲ್ಲಿ ಹೆಣೆಯುತ್ತೇನೆ. ಕೇರಳದವರು ಕರಿಮೀನು ಎನ್ನುವ ಮೀನನ್ನು ಕೆಲವು ಬಿಟ್ಟರೆ ಅವು ಬಲೆಯ ಪಾಚಿ ಮೇಯುತ್ತವೆ. ನಮ್ಮಲ್ಲಿ ದೊಡ್ಡ ಕುರುಡಿಗಳ ಜೊತೆ ಬಿಡುವಾಗ ಅವೂ ಬಾಯಿಗೆ ಹಿಡಿಯದಷ್ಟು ದೊಡ್ಡವಿರಬೇಕು, ಅಷ್ಟೆ.

ಬಲೆ ಹರಿಯುವುದು ಹೆಚ್ಚಾಗಿ ತಳದಲ್ಲಿ, ಏಡಿಯಿಂದ. ತಳದಲ್ಲಿ ಸತ್ತ ಮೀನೊಂದು ಬಿದ್ದಿದ್ದರೆ ಸಾಕು, ಅದರ ವಾಸನೆಗೆ ಬಂದ ಏಡಿ ಕೊಂಡಿಯಿಂದ ಕತ್ತರಿಸುತ್ತದೆ. ನೀರುನಾಯಿಗಳೂ ಬರುತ್ತವೆ. ಅವು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿಗಳು, ಓಡಿಸಬಹುದೇ ಹೊರತು ನೋಯಿಸುವಂತಿಲ್ಲ. ಹೊರಗಿನ ದಪ್ಪ ಬಲೆ ಬಿಗಿಯಾಗಿದ್ದರೆ ಹೆಚ್ಚಿನ ಹಾನಿಯಾಗುವುದಿಲ್ಲ. ದಿನವೂ ಒಮ್ಮೆ ನೀರಿಗಿಳಿದು ತಳ ತಡಕುವುದು ಇದಕ್ಕಾಗಿಯೇ. ಸತ್ತದ್ದು ಎಷ್ಟು, ಯಾವ ಪಂಜರದ್ದು ಎಂದು ಪುಸ್ತಕದಲ್ಲಿ ಬರೆದು ದಡಕ್ಕೆ ತಂದು ಹೂಳುತ್ತೇನೆ, ಹೊಳೆಗೆ ಎಸೆಯುವುದಿಲ್ಲ.

ನನ್ನ ಗುಡಿಸಲಿನಲ್ಲಿ ಪಂಚಾಂಗ ಸದಾ ತೂಗುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ದೊಡ್ಡದು, ನೀರಿನ ಓಟ ಜೋರು, ಲಂಗರಿನ ಹಗ್ಗ ಸವೆದಿದೆಯೇ ಎಂದು ನೋಡಬೇಕಾದ ದಿನಗಳು. ನನಗೆ ಅದಕ್ಕಿಂತ ಭಯ ಅಷ್ಟಮಿಯ ಆಸುಪಾಸು. ನೀರು ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಸೆಖೆಯ ತಿಂಗಳಲ್ಲಿ ಗಾಳಿಯೂ ನಿಂತರೆ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ, ಏಕೆಂದರೆ ರಾತ್ರಿಯಿಡೀ ಪಾಚಿಯೂ ಉಸಿರಾಡಿರುತ್ತದೆ. ಹಗಲು ಮಧ್ಯಾಹ್ನ ಮೀಟರ್ ಅದ್ದಿ ಲೀಟರಿಗೆ ಆರು ಮಿಲಿಗ್ರಾಂ ಇದೆ ಎಂದು ಸಮಾಧಾನ ಪಡುವುದು ವ್ಯರ್ಥ. ಅಳೆಯಬೇಕಾದದ್ದು ಬೆಳಕು ಹರಿಯುವ ಮುಂಚೆ, ಪಂಜರದ ಒಳಗೆ. ಹೊರಗಿನ ಅಳತೆಗೂ ಒಳಗಿನದಕ್ಕೂ ವ್ಯತ್ಯಾಸ ಹೆಚ್ಚಿದ್ದರೆ ಬಲೆ ಕಟ್ಟಿದೆ ಎಂದೇ ಅರ್ಥ. ನಾಲ್ಕಕ್ಕಿಂತ ಕೆಳಗೆ ಬಂದರೆ ಆ ಬೆಳಗಿನ ಆಹಾರ ರದ್ದು. ಮೂರರತ್ತ ಸಾಗಿದರೆ ಪೆಟ್ರೋಲ್ ಪಂಪ್ ಹಚ್ಚಿ ನೀರನ್ನು ಮೇಲಕ್ಕೆ ಚಿಮ್ಮಿಸುತ್ತೇನೆ. ಹೊಟ್ಟೆ ತುಂಬಿದ ಮೀನಿಗೆ ಉಸಿರು ಹೆಚ್ಚು ಬೇಕು. ಗುಂಪಿನ ಹಿರಿಯರೊಬ್ಬರು ಮೊದಮೊದಲು “ಮೀನನ್ನು ಉಪವಾಸ ಕೆಡವುತ್ತೀಯಲ್ಲ ತಮ್ಮಾ” ಎನ್ನುತ್ತಿದ್ದರು. ಈಗ ಅಷ್ಟಮಿ ಬಂದರೆ ಅವರೇ ಫೋನು ಮಾಡಿ ಜ್ಞಾಪಿಸುತ್ತಾರೆ.

ಆಹಾರದ ವಿಷಯದಲ್ಲಿ ನನಗೊಂದು ಹಟವಿದೆ: ತೇಲುವ ಗುಳಿಗೆಯೇ ಆಗಬೇಕು. ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಅಗ್ಗಕ್ಕೆ ಸಿಗುವ ಸಣ್ಣ ಬೈಗೆ ಮೀನನ್ನು ಕತ್ತರಿಸಿ ಹಾಕಿದರೆ ಮೀನು ಹುಚ್ಚೆದ್ದು ತಿನ್ನುತ್ತದೆ, ನಿಜ. ಆದರೆ ಒಂದು ಕಿಲೋ ಕುರುಡಿ ಬೆಳೆಯಲು ಅಂಥ ಮೀನು ಐದಾರು ಕಿಲೋ ಬೇಕು; ಒಳ್ಳೆಯ ಗುಳಿಗೆಯಾದರೆ ಎರಡು ಕಿಲೋ ಒಳಗೆ ಮುಗಿಯುತ್ತದೆ. ಹಸಿ ಮೀನಿನ ಎಣ್ಣೆ, ತುಣುಕು ಬಲೆಗೆ ಮೆತ್ತಿ ಅದನ್ನು ಬೇಗ ಕೊಳಕು ಮಾಡುತ್ತದೆ. ಮೀನುಗಾರಿಕೆ ನಿಂತ ತಿಂಗಳುಗಳಲ್ಲಿ ಅದು ಸಿಗುವುದೂ ಇಲ್ಲ, ಹಸಿ ಮೀನಿನ ರುಚಿ ಹತ್ತಿದ ಕುರುಡಿ ಆಗ ಗುಳಿಗೆಯನ್ನು ಮೂಸಿಯೂ ನೋಡುವುದಿಲ್ಲ. ತಳಕ್ಕೆ ಬಿದ್ದದ್ದನ್ನು ಹೆಕ್ಕಿ ತಿನ್ನುವ ಮೀನೂ ಇದಲ್ಲ. ಹಿಡಿ ಹಿಡಿಯಾಗಿ ಎರಚಿ, ನೀರಿನ ಮೇಲಿನ ಗಲಿಬಿಲಿ ತಗ್ಗಿದೊಡನೆ ಕೈ ನಿಲ್ಲಿಸಬೇಕು. ಎಷ್ಟು ಹಾಕಬೇಕೆಂಬ ಪಟ್ಟಿ ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ನಾನು ಅದನ್ನು ಗರಿಷ್ಠ ಮಿತಿ ಎಂದು ಮಾತ್ರ ಓದುತ್ತೇನೆ.

ರೋಗದ ಬಗ್ಗೆ ಹೇಳುವುದು ಕಡಿಮೆ. ಬೇಸಿಗೆಯ ಉಪ್ಪು ನೀರಿನಲ್ಲಿ ಮೈಗೆ ಅಂಟುವ ಪರಾವಲಂಬಿಗಳು ಬಂದಾಗ ಬಾವಿಯ ಸಿಹಿ ನೀರಿನ ತೊಟ್ಟಿಯಲ್ಲಿ ಐದು ನಿಮಿಷ ಬಿಟ್ಟರೆ ಬಹುಪಾಲು ಉದುರುತ್ತವೆ. ಆಂಟಿಬಯಾಟಿಕ್ ಹಾಕಿ ಎಂದು ಔಷಧ ಮಾರುವವರು ದೋಣಿ ಹತ್ತಿ ಬರುವುದುಂಟು. ಹೊಳೆಯಲ್ಲಿ ಅದು ಪಂಜರದೊಳಗೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಮಳಿ (ಚಿಪ್ಪುಮೀನು) ಹೆಕ್ಕುವವರ ಪಾಲಿಗೆ ಹೋಗುತ್ತದೆ. ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ ಪಂಜರ ಕೃಷಿಯೂ ಅದರ ವ್ಯಾಪ್ತಿಗೆ ಬಂದಿದೆ. ಹಾಗಾಗಿ ಯಾವ ಮದ್ದನ್ನು ಏಕೆ ಹಾಕಿದೆ ಎಂಬ ಲೆಕ್ಕ ಪುಸ್ತಕದಲ್ಲಿ ಇರುವುದು ಒಳಿತು.

ವರ್ಷದ ನಿಜವಾದ ಪರೀಕ್ಷೆ ಮೇ ಕೊನೆಯಿಂದ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮಾರುಕಟ್ಟೆಯಲ್ಲಿ ಮೀನಿಲ್ಲ, ದರ ಮೇಲೇರುತ್ತದೆ. ನಮ್ಮ ಮೀನು ಕೈಯಳತೆಯಲ್ಲಿದೆ, ಮಾರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅದೇ ಹೊತ್ತಿಗೆ ಹೊಳೆ ತಿರುಗಿಬೀಳುತ್ತದೆ. ಮೊದಲ ಮಳೆಗೆ ಗದ್ದೆ, ತೋಡು, ಚರಂಡಿಗಳ ಕೊಳೆಯೆಲ್ಲ ಒಟ್ಟಿಗೆ ಇಳಿಯುತ್ತದೆ. ಮೇಲಿನ ಕಿಂಡಿ ಅಣೆಕಟ್ಟುಗಳಲ್ಲಿ ಬೇಸಿಗೆಯಿಡೀ ನಿಂತ ನೀರು ಹಲಗೆ ತೆಗೆದೊಡನೆ ನುಗ್ಗಿ ಬರುತ್ತದೆ, ಅದರಲ್ಲಿ ಆಮ್ಲಜನಕವೇ ಇರುವುದಿಲ್ಲ. ಹಲಗೆ ತೆಗೆಯುವ ದಿನವನ್ನು ನಮಗೆ ತಿಳಿಸಿ ಎಂದು ಕೇಳಿಕೊಂಡಿದ್ದೇವೆ. ತಿಳಿಸಿದ ವರ್ಷವೂ ಉಂಟು, ನೀರಿನ ಬಣ್ಣ ನೋಡಿ ನಾವೇ ತಿಳಿದುಕೊಂಡ ವರ್ಷವೂ ಉಂಟು. ಕಂದು ನೀರು ಕಂಡರೆ ಆಹಾರ ನಿಲ್ಲಿಸಿ ಪಂಪ್ ತಯಾರಿಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಬಳಿಕ ನೆರೆ. ಉಪ್ಪಿನಂಶ ಸಾವಿರಕ್ಕೆ ಮೂವತ್ತು ಪಾಲಿನ ಮೇಲಿದ್ದದ್ದು ಸೊನ್ನೆಯ ಹತ್ತಿರ ಬರುತ್ತದೆ. ಮೇಲೆ ಸಿಹಿ, ಕೆಳಗೆ ಉಬ್ಬರ ತಂದ ಉಪ್ಪು, ಹೀಗೆ ಎರಡು ಪದರವಾದಾಗ ಮೀನು ಕೆಳಗಿನ ಪದರಕ್ಕೆ ಸೇರಿ ಆಹಾರಕ್ಕೂ ಮೇಲೆ ಬರುವುದಿಲ್ಲ, ಬಂದಿಲ್ಲವೆಂದು ಗಾಬರಿಯಾಗಬೇಕಿಲ್ಲ. ಕುರುಡಿ ಇದನ್ನೆಲ್ಲ ತಾಳುತ್ತದೆ, ಕೆಂಬೇರಿಯ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ, ಮೇ ಮುಗಿಯುವುದರೊಳಗೆ ಮಾರಿಸುತ್ತೇನೆ. ಪಂಜರಕ್ಕೆ ಅಪಾಯವಾಗುವುದು ತೇಲಿ ಬರುವ ಮರದ ದಿಮ್ಮಿ, ಬಿದಿರ ಮೆಳೆ, ತೆಂಗಿನ ಗರಿ, ಪ್ಲಾಸ್ಟಿಕ್. ಹರಿವಿಗೆ ಎದುರಾಗಿ ಡ್ರಮ್ಮುಗಳ ಕೋನವೊಂದನ್ನು ಕಟ್ಟಿ ಕಸವನ್ನು ಬದಿಗೆ ಸರಿಸುತ್ತೇವೆ, ಲಂಗರಿಗೆ ಮರಳು ಚೀಲ ಹೆಚ್ಚಿಸುತ್ತೇವೆ, ಎರಡನೆಯ ಹಗ್ಗ ಕಟ್ಟುತ್ತೇವೆ.

ಎಲ್ಲವನ್ನೂ ದರಕ್ಕಾಗಿ ಹಿಡಿದಿಡೋಣ ಎನ್ನುವವರೂ ಎಲ್ಲವನ್ನೂ ಮೇ ತಿಂಗಳಲ್ಲೇ ಮಾರೋಣ ಎನ್ನುವವರೂ ಗುಂಪಿನಲ್ಲಿ ಸಮಸಮ ಇದ್ದಾರೆ. ಮಾರುವ ನಿರ್ಧಾರ ಅವರದು, ಆದರೆ ಪ್ರತಿ ಪಂಜರದಲ್ಲಿ ಎಷ್ಟು ಉಳಿಸಬಹುದೆಂಬ ಲೆಕ್ಕ ನನ್ನದು. ಬೇಸಿಗೆಯಲ್ಲಿ ಘನ ಮೀಟರಿಗೆ ಹದಿನೈದು ಕಿಲೋ ಮೀನಿದ್ದರೆ ಮಳೆಗಾಲಕ್ಕೆ ಅದರ ಅರ್ಧಕ್ಕೆ ಇಳಿಸಿ ಎನ್ನುತ್ತೇನೆ. ದೊಡ್ಡವನ್ನು ಮೇ ಕೊನೆಗೆ ಎತ್ತಿ, ಉಳಿದವನ್ನು ವಿರಳವಾಗಿ ಹಂಚಿ, ಜೂನ್, ಜುಲೈಯಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಯ್ಲು ಮಾಡುತ್ತೇವೆ. ಐಸ್ ಮೊದಲೇ ಹೇಳಿಡಬೇಕು, ನಿಷೇಧದ ಕಾಲದಲ್ಲಿ ಎಲ್ಲ ಐಸ್ ಪ್ಲಾಂಟ್‌ಗಳೂ ನಡೆಯುವುದಿಲ್ಲ. ಹಿಂದಿನ ದಿನ ಆಹಾರ ನಿಲ್ಲಿಸಿ, ಎತ್ತಿದ ಮೀನನ್ನು ನೇರವಾಗಿ ಐಸ್ ನೀರಿಗೆ ಬಿಟ್ಟರೆ ಮೈಬಣ್ಣ ಉಳಿಯುತ್ತದೆ, ಕೊಳ್ಳುವವರು ತಕರಾರು ತೆಗೆಯುವುದಿಲ್ಲ.

ಈ ಕೆಲಸಕ್ಕೆ ಬರಲು ಬಯಸುವ ಹುಡುಗರು ಸಂಬಳ ಎಷ್ಟು ಸಿಗುತ್ತದೆ ಎಂದು ನನ್ನನ್ನು ಕೇಳುತ್ತಾರೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂದ ಮೇಲೆ ಪಂಜರ ಹಾಕುವವರು ಹೆಚ್ಚಿದ್ದಾರೆ. ಘಟಕ ವೆಚ್ಚದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60 ಸಹಾಯಧನ. ಆ ಹಣ ಪೈಪಿಗೆ, ಬಲೆಗೆ, ಮರಿಗೆ ಹೋಗುತ್ತದೆ. ರಾತ್ರಿ ಕಾವಲಿಗೆ ಯಾರು, ಬದಲಿ ಬಲೆಗಳ ಜೋಡಿ ಇದೆಯೇ, ಲೈಫ್ ಜಾಕೆಟ್ ಎಷ್ಟಿದೆ, ನೆರೆಯ ರಾತ್ರಿ ಒಬ್ಬನೇ ಇರಬೇಕೇ, ಮಳೆಗಾಲದ ಮೂರು ತಿಂಗಳು ಸಂಬಳ ನಡೆಯುತ್ತದೆಯೇ: ಸೇರುವ ಮೊದಲು ಇವಿಷ್ಟನ್ನು ಕೇಳಿ ಎನ್ನುತ್ತೇನೆ. ಬದಲಿ ಬಲೆಯಿಲ್ಲ ಎಂದವರಲ್ಲಿ ಸಂಬಳ ಎಷ್ಟಿದ್ದರೂ ಸೇರಬೇಡಿ. ನಾನು ಕೊಯ್ಲಿನಲ್ಲಿ ಸಣ್ಣದೊಂದು ಪಾಲನ್ನೂ ಕೇಳಿ ಪಡೆದಿದ್ದೇನೆ, ದೋಣಿಯಲ್ಲಿ ಇದ್ದಾಗ ಇದ್ದ ಪದ್ಧತಿಯೇ ಅದು.