ಜಿಪ್ಸಿಯ ಕೆಮ್ಮು ನಿಲ್ಲಿಸಿದ ಹಿತ್ತಾಳೆ ಬಿಲ್ಲೆ

ರ್ಯಾಲಿಯಲ್ಲಿ ಜಂಪ್ ಆಗಿ ನೆಲಕ್ಕೆ ಬಿದ್ದ ಕೂಡಲೇ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ ಜಿಪ್ಸಿ ಕೆಮ್ಮುವುದು ರ್ಯಾಲಿ ಓಡಿಸುವವರಿಗೆಲ್ಲ ಗೊತ್ತು. ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜ್‌ನಲ್ಲಿ (ರ್ಯಾಲಿಯಲ್ಲಿ ಟೈಮ್ ಅಳೆಯುವ ದಾರಿ) ನನ್ನದು ಕಪ್ಪು ಹೊಗೆ ಬಿಟ್ಟು ನಿಂತೇಬಿಡುತ್ತಿತ್ತು. ಎರಡು ಸೀಸನ್ ಹೀಗೇ ಹೋಯಿತು. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಲೆವೆಲ್ ಇಳಿಸಿದೆ, ಅದು ತೆರೆದು ಮುಚ್ಚುವ ನೀಡಲ್ ವಾಲ್ವ್ ಬದಲಿಸಿದೆ, ಇನ್ನೊಂದು ಹಳೇ ಕಾರ್ಬ್ಯುರೇಟರ್ ತಂದೆ. ಹತ್ತಿರ ಹತ್ತಿರ 40 ಸಾವಿರ ಹೋಯಿತು. ಕೆಮ್ಮು ಹೋಗಲಿಲ್ಲ.

ದಾರಿ ತೋರಿಸಿದವರು ಬಿಯಾಟ್ರಿಸ್ ಶಿಲ್ಲಿಂಗ್. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನದ ಎಂಜಿನ್‌ಗಳ ಮೇಲೆ ಕೆಲಸ ಮಾಡುತ್ತಿದ್ದವರು. ಬಿಡುವಾದಾಗ ರೇಸ್. 1930ರ ದಶಕದಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ನಾರ್ಟನ್ ಬೈಕನ್ನು ಗಂಟೆಗೆ 106 ಮೈಲಿ ವೇಗದಲ್ಲಿ ಓಡಿಸಿ, 100 ಮೈಲಿ ದಾಟಿದವರಿಗೆ ಸಿಗುತ್ತಿದ್ದ ಗೋಲ್ಡ್ ಸ್ಟಾರ್ ಗೆದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನ ಥಟ್ಟನೆ ಮೂತಿ ತಗ್ಗಿಸಿದರೆ ಅದರ ಮರ್ಲಿನ್ ಎಂಜಿನ್‌ನ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಉಕ್ಕಿ ಎಂಜಿನ್ ಆಫ್ ಆಗುತ್ತಿತ್ತು. 1941ರಲ್ಲಿ ಅವರು ಪೆಟ್ರೋಲ್ ಲೈನಿನಲ್ಲಿ ತೂತಿರುವ ಪುಟ್ಟ ತುಣುಕು ಕೂರಿಸಿದರು. ಫುಲ್ ಪವರ್‌ಗೆ ಬೇಕಾದಷ್ಟೇ ಪೆಟ್ರೋಲ್ ಬರುತ್ತದೆ, ಜಾಸ್ತಿ ಬರುವುದಿಲ್ಲ. ನನ್ನ ಜಿಪ್ಸಿಗೂ ಇದೇ ಕಾಯಿಲೆ ಅಲ್ವಾ!

ನಾನೂ ವಾರವೆಲ್ಲ ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಬರ್ನರ್‌ಗಳ ಮುಂದೆ ಇರುವವನು. ಇಂಧನದ ಹರಿವು ಅಳೆಯುವುದೇ ನನ್ನ ಕೆಲಸ. ಆದರೂ ತೂತಿರುವ ಹಿತ್ತಾಳೆ ಬಿಲ್ಲೆಯಿಂದ ಪೆಟ್ರೋಲ್ ತಡೆಯೋಣ ಅಂದರೆ ಜೆ.ಸಿ. ರಸ್ತೆಯ ಮೆಕ್ಯಾನಿಕ್ ನಂಬಲಿಲ್ಲ. "ಪೆಟ್ರೋಲ್‌ಗೇ ಅಡ್ಡ ಕಟ್ಟಿದ್ರೆ ಗಾಡಿ ಹೆಂಗೆ ಓಡತ್ತೆ ಸಾರ್?" ಅಂದರು. ಪಕ್ಕ ಕೂತು ದಾರಿ ಹೇಳುವ ನನ್ನ ನ್ಯಾವಿಗೇಟರ್ ಕೂಡ ಅವರ ಕಡೆಗೇ ಸೇರಿದ.

ಮೊದಲ ಬಿಲ್ಲೆಗೆ 1.1 ಮಿ.ಮೀ. ತೂತು ಹಾಕಿದ್ದೆ. ಉದ್ದನೆ ನೇರ ದಾರಿಯಲ್ಲಿ ಮಿಕ್ಸ್‌ಚರ್ ಲೀನ್ ಆಗಿ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಪಿಸ್ಟನ್ ಸುಟ್ಟಿತು. ಇನ್ನೊಂದು 22 ಸಾವಿರ. ಆ ರಾತ್ರಿ ನಿದ್ದೆ ಬರಲಿಲ್ಲ. ಹೆದರಿ 2 ಮಿ.ಮೀ. ಮಾಡಿದೆ, ಮತ್ತೆ ಕೆಮ್ಮು. ಆಮೇಲೆ ಎಸ್.ಪಿ. ರಸ್ತೆಯಿಂದ ಸರ್ಕ್ಯೂಟ್ ಬೋರ್ಡ್ ಕೊರೆಯುವ ಡ್ರಿಲ್ ಬಿಟ್ ತಂದು, ಹೊಸ ಬಿಲ್ಲೆಯಲ್ಲಿ ಸಣ್ಣ ತೂತಿನಿಂದ ಶುರು ಮಾಡಿ 0.1 ಮಿ.ಮೀ.ನಂತೆ ಹಿಗ್ಗಿಸುತ್ತ ಹೋದೆ. ಪ್ರತಿ ಸಲವೂ ಪಂಪ್ ಓಡಿಸಿ, ಬೀಕರ್ ಹಿಡಿದು ಅಳೆದೆ. ನಿಮಿಷಕ್ಕೆ 400 ಎಂ.ಎಲ್. ಆಸುಪಾಸು ಬಂದಾಗ ನಿಲ್ಲಿಸಿದೆ. ಕೊನೆಯ ಸೈಜ್ ಎಷ್ಟು, ಬಿಲ್ಲೆ ಎಲ್ಲಿ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪಂಪ್ ಪ್ರೆಶರ್ ಗಾಡಿಗೊಂದು ತರ. ನಿಮ್ಮದನ್ನು ನೀವು ಅಳೆಯಲೇಬೇಕು.

ನಡುವೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್‌ನ ಗಾಳಿ ಕೊಳವೆಯನ್ನು ಒಂದು ಗೇಣು ಎತ್ತರಿಸಿ ನೋಡಿದೆ. ಜಂಪ್‌ಗೆ ಏನೂ ಉಪಯೋಗವಾಗಲಿಲ್ಲ. ಹಳ್ಳ ದಾಟುವಾಗ ಮಾತ್ರ ನೀರು ಒಳಗೆ ಹೋಗಲಿಲ್ಲ, ಹಾಗಾಗಿ ತೆಗೆಯದೆ ಬಿಟ್ಟಿದ್ದೇನೆ.

ಬಿಲ್ಲೆಗೆ ಆದ ಖರ್ಚು 30 ರೂಪಾಯಿ. ಕಳೆದ ಸಲ ಅದೇ ತೋಟದ ಸ್ಟೇಜ್‌ನಲ್ಲಿ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. 40 ಸೆಕೆಂಡಿನಷ್ಟು ಉಳಿಯಿತು, ಕ್ಲಾಸ್‌ನಲ್ಲಿ ಎರಡನೇ ಸ್ಥಾನ ಬಂತು. ಸಾಲು ಸಾಲಾಗಿ ಉಬ್ಬು ಬಂದರೆ ಈಗಲೂ ಸ್ವಲ್ಪ ತಡವರಿಸುತ್ತದೆ. ಮಳೆಗಾಲದೊಳಗೆ ಫ್ಲೋಟ್ ತೂಕ ಬದಲಿಸಿ ನೋಡಬೇಕು.