ಹತ್ತು ವರ್ಷ ದಾಟಿದ ಕಾರು ಕೊಳ್ಳುವ ಮುನ್ನ ಬಾನೆಟ್ ಮುಟ್ಟಿ ನೋಡಿ

ಹಳೇ ಕಾರು ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಅಂತ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಅಂಕಿ ಅದು. ಮೀಟರ್ ಹಿಂದಕ್ಕೆ ತಿರುಗಿಸಲು ಹೆಚ್ಚು ಹೊತ್ತು ಬೇಕಿಲ್ಲ. ಅಲ್ಲದೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸುತ್ತಾ 1,60,000 ಕಿ.ಮೀ. ಓಡಿದ ಗಾಡಿ, 50,000 ಓಡಿ ಮೂರು ವರ್ಷ ಮರದ ಕೆಳಗೆ ನಿಂತ ಗಾಡಿಗಿಂತ ಎಷ್ಟೋ ಮೇಲು. ಕ್ಲಚ್, ಟೈರ್, ಎ.ಸಿ. ಇವೆಲ್ಲ ದುಡ್ಡು ಹಾಕಿದರೆ ಸರಿಹೋಗುತ್ತವೆ. ಸರಿಹೋಗದವು ಮೂರು: ಕೊಳೆತ ತಳ, ಬಾಗಿದ ಚಾಸಿ, ಕೆಟ್ಟ ಕಾಗದ. ಮೊದಲು ಈ ಮೂರರಲ್ಲಿ ಪಾಸಾಗಲಿ, ಉಳಿದದ್ದು ಚೌಕಾಸಿಯ ಮಾತು.

ಕಾಗದ ನೋಡಲು ಮನೆಯಿಂದ ಹೊರಡಬೇಕಾಗಿಯೂ ಇಲ್ಲ. ಗಾಡಿ ನಂಬರ್ ಕೇಳಿ, ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಷ್ಟನೇ ಓನರ್, ನೋಂದಣಿ ದಿನಾಂಕ, ಇಂಧನ, ಇನ್ಶೂರೆನ್ಸ್ ಯಾವತ್ತಿನವರೆಗೆ, ಸಾಲ ಇನ್ನೂ ಇದೆಯೇ, ಇವನ್ನೆಲ್ಲ ನೋಡಿ. ಬಾಕಿ ದಂಡ ಎಷ್ಟು ಎಂಬುದು ಇ-ಚಲನ್ ತಾಣದಲ್ಲಿ ಸಿಗುತ್ತದೆ. ಬೆಂಗಳೂರಿನ ಗಾಡಿಗಳ ಮೇಲೆ ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಅಂತ ಸಾವಿರಗಟ್ಟಲೆ ದಂಡ ಕೂತಿರುವುದು ಮಾಮೂಲು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಆ ಖರ್ಚು, ಓಡಾಟ ನಿಮ್ಮ ತಲೆಗೆ ಬರುತ್ತದೆ ಅಂತಲೇ ಲೆಕ್ಕ ಹಾಕಿ.

ಹೊರರಾಜ್ಯದ ಗಾಡಿಗೆ ಇನ್ನೊಂದು ಲೆಕ್ಕವಿದೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದ ಅಲ್ಲಿನ ಡೀಸೆಲ್ ಕಾರುಗಳು ದಕ್ಷಿಣಕ್ಕೆ ಅಗ್ಗದಲ್ಲಿ ಬಂದಿವೆ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಇಲ್ಲಿ ಹೊಸ ಕೆ.ಎ. ನಂಬರ್, ಅದರ ಮೇಲೆ ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿದಾಗ ಅಗ್ಗ ಅನ್ನುವುದು ಹೆಚ್ಚು ಉಳಿಯುವುದಿಲ್ಲ. ಎನ್‌ಒಸಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ಗಾಡಿ ನೋಡಲು ಬೆಳಿಗ್ಗೆ ಹೋಗಿ. ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿಟ್ಟಿದ್ದಾರೆ. ಬಿಸಿ ಎಂಜಿನ್ ತನ್ನ ಅರ್ಧ ಕಾಯಿಲೆ ಮುಚ್ಚಿಡುತ್ತದೆ. ಅವತ್ತು ಟೀ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ಹೋದರಾಯಿತು.

ತಣ್ಣಗಿದ್ದರೆ ಮೊದಲು ರೇಡಿಯೇಟರ್ ಮುಚ್ಚಳ ತೆಗೆಯಿರಿ. ಎಂಜಿನ್ ತಣ್ಣಗಿದ್ದಾಗ ಮಾತ್ರ, ಇಲ್ಲದಿದ್ದರೆ ಕೈ ಸುಡುತ್ತದೆ. ಹಸಿರೋ ಕೆಂಪೋ ಕೂಲಂಟ್ ಕಂಡರೆ ಸರಿ. ಕಂದು ನೀರಿದ್ದರೆ ವರ್ಷಗಟ್ಟಲೆ ನಲ್ಲಿ ನೀರು ಹಾಕಿದ್ದಾರೆ, ಒಳಗೆ ತುಕ್ಕು ಹಿಡಿದಿದೆ ಅಂತ. ಮೇಲೆ ಎಣ್ಣೆ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಒಳಗೆ ಆಯಿಲ್, ನೀರು ಬೆರೆಯದಂತೆ ತಡೆಯುವ ಪದರ) ಹೋಗಿರುವ ಅನುಮಾನ. ಅದಾದ ಮೇಲೆ ಆಯಿಲ್ ಮುಚ್ಚಳ ತಿರುಗಿಸಿ ಅದರ ಒಳಭಾಗ ನೋಡಿ. ಹಾಲು ಬೆರೆಸಿದ ಕಾಫಿಯಂತಹ ಕೆನೆ ಕಟ್ಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲಿ, ಮಳೆಗಾಲದಲ್ಲಿ, ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಕೆನೆ ಕಾಣುವುದುಂಟು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದರೆ ಮಾತು ಅಲ್ಲಿಗೆ ನಿಲ್ಲಿಸಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿದೆ ಅಂತ ಗಾಬರಿ ಬೇಡ, ಅದು ಬದಲಾಯಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ.

ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್‌ಗಳ ರಬ್ಬರ್ ಹಳೇದಾಗಿ ಬಿರುಸಾಗಿದೆ, ರಾತ್ರಿಯಿಡೀ ಆಯಿಲ್ ತೊಟ್ಟಿಕ್ಕಿದೆ. ಅದು ಸಣ್ಣ ಖರ್ಚು. ಆಕ್ಸಲರೇಟರ್ ಒತ್ತಿದಾಗಲೆಲ್ಲ ನೀಲಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಬಿಚ್ಚಬೇಕು. ಚಳಿಯಲ್ಲಿ ಬಂದು ಮಾಯವಾಗುವ ಬಿಳಿ ಆವಿಗೆ ಹೆದರಬೇಕಿಲ್ಲ, ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಕೂಲಂಟ್ ಉರಿಯುತ್ತಿದೆ. ಡೀಸೆಲ್‌ನಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಟರ್ಬೊ ಅಥವಾ ಕಟ್ಟಿಹೋದ ಏರ್ ಫಿಲ್ಟರ್ ಮೇಲೆ ಅನುಮಾನ ಪಡಿ.

ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ಅಲ್ಲೇ ಇಟ್ಟು ನೋಡಿ. ಕುಣಿದು ಹಾರಿ ಬೀಳುವಷ್ಟು ಗಾಳಿ ಹೊಗೆಯಾಗಿ ಹೊರಬರುತ್ತಿದ್ದರೆ ಕಂಪ್ರೆಷನ್ ಕೆಳಗಿಳಿದಿದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಎಂಜಿನ್ ಕೆಲಸಕ್ಕೆ ಬಂದಿದೆ’, ಅಂದರೆ ಬಿಚ್ಚಿ ರಿಪೇರಿ ಮಾಡಬೇಕು. ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಚೈನ್ (ಪಿಸ್ಟನ್, ವಾಲ್ವ್‌ಗಳ ತಾಳ ಹೊಂದಿಸುವ ಚೈನ್) ಇದೆ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಮುಂದುಗಡೆಯಿಂದ ಕೆಲವು ಸೆಕೆಂಡ್ ಕಟಕಟ ಸದ್ದು ಬಂದರೆ ಚೈನ್ ಸಡಿಲವಾಗಿದೆ. ಸ್ಯಾಂಟ್ರೊ ಝಿಂಗ್, ಇನ್ನೋವಾ 2.5, ಡಸ್ಟರ್ 1.5 ಡೀಸೆಲ್‌ಗಳಲ್ಲಿ ಚೈನ್ ಬದಲು ಇರುವುದು ಬೆಲ್ಟ್. ಅದು ಮುನ್ಸೂಚನೆ ಕೊಡದೆ ಹರಿಯುತ್ತದೆ, ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬದಲಾಯಿಸಿದ ಬಿಲ್ ತೋರಿಸದಿದ್ದರೆ ‘ಬದಲಾಗಿಲ್ಲ’ ಅಂತಲೇ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೀ ಹಾಕಿ ಸ್ಟಾರ್ಟ್ ಮಾಡದೆ ನಿಲ್ಲಿಸಿದಾಗ ಚೆಕ್ ಎಂಜಿನ್, ಆಯಿಲ್, ಏರ್‌ಬ್ಯಾಗ್, ಎ.ಬಿ.ಎಸ್. ದೀಪಗಳು ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲವೆಂದರೆ ಬಲ್ಬ್ ಕಿತ್ತಿರಬಹುದು. ದೋಷ ಓದುವ ಸ್ಕ್ಯಾನರ್ ಹಾಕಿಸಿದಾಗ ‘ಒಂದೂ ಕೋಡ್ ಇಲ್ಲ’ ಎಂದು ಬಂದರೂ ನಿನ್ನೆಯೇ ಅಳಿಸಿರುವ ಸಾಧ್ಯತೆ ಇದೆ. ಆದ್ದರಿಂದ ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಹಾಕಿಸಿ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು.

ಗಾಡಿಯ ಬಾಡಿ ನೋಡಲು ಬಿಸಿಲು ಬೇಕು. ತೊಳೆದು ಇನ್ನೂ ಒದ್ದೆಯಿರುವ ಗಾಡಿ, ಬೇಸ್‌ಮೆಂಟಿನಲ್ಲಿ ನಿಂತ ಗಾಡಿ ಏನನ್ನೂ ತೋರಿಸುವುದಿಲ್ಲ. ಬಾನೆಟ್, ಫೆಂಡರ್, ಬಾಗಿಲುಗಳ ಸಂದುಗಳು ಎರಡೂ ಬದಿ ಒಂದೇ ಅಗಲ ಇವೆಯೇ ನೋಡಿ. ಫೆಂಡರ್ ಬೋಲ್ಟ್‌ಗಳ ತಲೆಯ ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ಫೆಂಡರ್ ಬದಲಾದದ್ದು ದೊಡ್ಡ ವಿಷಯವಲ್ಲ, ನಮ್ಮ ಊರುಗಳಲ್ಲಿ ಗೀರು ಬೀಳದ ಗಾಡಿಯೇ ಇಲ್ಲ. ನೋಡಬೇಕಾದದ್ದು ಅದರ ಒಳಗಿನ ತಗಡು (ಏಪ್ರನ್), ಹೆಡ್‌ಲೈಟ್ ಹಿಂದಿನ ಚಾಸಿ ಕಾಲುಗಳು, ಬಾಗಿಲ ನಡುವಿನ ಪಿಲ್ಲರ್. ಕಂಪನಿಯ ಸ್ಪಾಟ್ ವೆಲ್ಡಿಂಗ್ ಒಂದೇ ಅಂತರದ ಚುಕ್ಕೆಗಳಾಗಿ ಕಾಣುತ್ತದೆ. ಅಲ್ಲಿ ಗೆರೆ ವೆಲ್ಡಿಂಗ್, ಸುತ್ತಿಗೆ ಗುರುತು, ದಪ್ಪ ಸೀಲಂಟ್ ಕಂಡರೆ ಗಾಡಿ ಜೋರಾಗಿ ಗುದ್ದಿದೆ. ಪೇಂಟ್ ಮೀಟರ್ ಸಿಕ್ಕರೆ ಅಳೆಯಿರಿ: ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, 200 ದಾಟಿದರೆ ಮರುಪೇಂಟ್, 500ರ ಮೇಲಿದ್ದರೆ ಒಳಗೆ ಪುಟ್ಟಿ. ಮೀಟರ್ ಇಲ್ಲದಿದ್ದರೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿಯಿರಿ, ದಪ್ಪ ಪುಟ್ಟಿಯ ಮೇಲೆ ಅದು ಕಚ್ಚುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರ ಕಡೆಯ ಗಾಡಿಯಾದರೆ ತಳಕ್ಕೆ ಇನ್ನಷ್ಟು ಹೊತ್ತು ಕೊಡಿ. ಉಪ್ಪುಗಾಳಿ ಮೇಲಿನ ಪೇಂಟ್ ಬಿಟ್ಟು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಬಾಗಿಲ ಕೆಳ ಅಂಚು, ರನ್ನಿಂಗ್ ಬೋರ್ಡ್, ಸ್ಟೆಪ್ನಿ ಕೂರುವ ಗುಂಡಿ, ಮುಂದಿನ ಶಾಕ್ ಅಬ್ಸಾರ್ಬರ್ ಬೋಲ್ಟ್ ಆಗುವ ಜಾಗ, ಇಲ್ಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದರೆ ತಗಡು ಗಟ್ಟಿ. ಮಂದ ಸದ್ದು ಬಂದು ಪೊರೆ ಉದುರಿದರೆ ಆ ಗಾಡಿ ಬೇಡ. ಹೊಸದಾಗಿ ತಳಕ್ಕೆ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಸಂತೋಷಪಡಬೇಡಿ, ಅದರ ಕೆಳಗೆ ಏನಿದೆ ಅಂತ ಕೆರೆದು ನೋಡಿ.

2018ರಲ್ಲಿ ಕೊಡಗು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಭಾಗ, ಹೀಗೆ ನೆರೆ ಬಂದ ಜಾಗಗಳಲ್ಲಿ ಮುಳುಗಿ ಎದ್ದ ಕಾರುಗಳು ತೊಳೆಸಿಕೊಂಡು ಬೇರೆ ಜಿಲ್ಲೆಯಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಇರುತ್ತದೆ. ಅದನ್ನು ತೊಳೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಕಾರ್ಪೆಟ್ ಎತ್ತಿ ಮೂಸಿ, ಸೀಟಿನ ಕೆಳಗಿನ ಬೋಲ್ಟ್‌ಗೆ ತುಕ್ಕು ಇದೆಯೇ ನೋಡಿ. ಒಳಗೆ ಸೆಂಟ್ ವಾಸನೆ ಅತಿಯಾಗಿದ್ದರೆ ಏಕೆ ಅಂತ ಯೋಚಿಸಿ.

ಟೆಸ್ಟ್ ಡ್ರೈವ್ ಅಂದರೆ ಬೀದಿ ತುದಿಗೆ ಹೋಗಿ ಬರುವುದಲ್ಲ. ಹಾಡು ಆರಿಸಿ, ಕಿಟಕಿ ಇಳಿಸಿ, ಕನಿಷ್ಠ 15 ಕಿ.ಮೀ. ಓಡಿಸಿ. ಅದರಲ್ಲಿ ಒಂದು ಏರು, ಒಂದಷ್ಟು ಹಂಪು, ಸ್ವಲ್ಪ ಹೈವೇ ಇರಲಿ. ಏರಿನಲ್ಲಿ ನಾಲ್ಕನೇ ಗೇರ್ ಹಾಕಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಟಕ್ ಟಕ್ ಅಂದರೆ ಎಕ್ಸಲ್‌ನ ಹೊರ ಜಾಯಿಂಟ್ ಸವೆದಿದೆ. ಹಂಪಿನಲ್ಲಿ ದಡ್ ಅಂದರೆ ಸ್ಟ್ರಟ್ ಮೌಂಟ್, ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್. 60ರ ವೇಗದಲ್ಲಿ ಗುಂಯ್ ಅನ್ನುವ ಸದ್ದು ತಿರುವಿನಲ್ಲಿ ಹೆಚ್ಚುಕಡಿಮೆ ಆದರೆ ವೀಲ್ ಬೇರಿಂಗ್. ಇವೆಲ್ಲ ಚೌಕಾಸಿಯ ಸರಕು, ಬಿಟ್ಟುಬರುವ ಕಾರಣವಲ್ಲ. ಎರಡನೇ ಗೇರ್ ತಾನಾಗಿ ಜಾರಿ ಹೊರಬಂದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಬೇಕು, ಅದು ದೊಡ್ಡ ಬಿಲ್. ವಾಪಸ್ ಬಂದ ಮೇಲೆ ಎ.ಸಿ. ಹಾಕಿ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಫ್ಯಾನ್ ಅಥವಾ ರೇಡಿಯೇಟರ್ ನೋಡಿಸಬೇಕು.

ಮೀಟರ್ ಸುಳ್ಳೋ ನಿಜವೋ ಎಂಬುದಕ್ಕೆ ಪೆಡಲ್ ರಬ್ಬರ್ ಸಾಕ್ಷಿ. 45,000 ಓಡಿದೆ ಅನ್ನುವ ಗಾಡಿಯ ಕ್ಲಚ್ ಪೆಡಲ್ ನುಣುಪಾಗಿ ಹೊಳೆಯುತ್ತಿದ್ದರೆ, ಸ್ಟೇರಿಂಗಿನ ಮೇಲಿನ ತರಿ ಸವೆದಿದ್ದರೆ ಅದು ಹಿಂದೆ ಯೆಲ್ಲೋ ಬೋರ್ಡ್ ಟ್ಯಾಕ್ಸಿ ಆಗಿರಬಹುದು. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಓನರ್ ಎದುರಿಗೇ ಹಿಂದಿನ ಸರ್ವೀಸ್ ವಿವರ ಕೇಳಿ, ಪ್ರತಿ ಸಲದ ಕಿ.ಮೀ. ಅಲ್ಲಿ ದಾಖಲಾಗಿರುತ್ತದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು. ಟೈರಿನ ಕಟ್ಟೆ (ನೆಲ ಹಿಡಿಯುವ ರಬ್ಬರ್ ಗೆರೆಗಳು) ಎಷ್ಟೇ ಎತ್ತರ ಇರಲಿ, ಆರೇಳು ವರ್ಷ ದಾಟಿದ ಟೈರ್‌ಗಳ ಹೊಸ ಸೆಟ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸಿ.ಎನ್‌.ಜಿ. ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಮಾಡುವ ಹೈಡ್ರೋ ಟೆಸ್ಟ್ ಪತ್ರವೂ ಇರಬೇಕು.

ಮಾತು ಮುಗಿದ ಮೇಲೆ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಹೆಸರು ವರ್ಗಾವಣೆಯ ಫಾರ್ಂ 29 ಮತ್ತು 30ಕ್ಕೆ ಸಹಿ ಮಾಡಿಸಿ, ಸಾಲ ತೀರಿದ ಗಾಡಿಯಾದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಂ 35 ಜೊತೆ ಬ್ಯಾಂಕಿನ ಎನ್‌ಒಸಿ ಪಡೆಯಿರಿ. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ ಹಳೇ ಓನರ್‌ದು, ನಿಮಗೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಗಾಡಿಗೆ ಆದ ಹಾನಿಯ ಕ್ಲೈಮ್ ಸಿಗುವುದು ಕಷ್ಟ. ಕೀ ಪಡೆಯುವಾಗ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಸಿ ಇಬ್ಬರೂ ಸಹಿ ಹಾಕಿ. ಆ ಗಳಿಗೆಗಿಂತ ಮುಂಚಿನ ದಂಡ ಅವರದು, ಆಮೇಲಿನದು ನಿಮ್ಮದು.