ಬೇಸಿಗೆಯ ಝೆರ್ಮಾಟ್‌ಗೆ ಕ್ಯಾಮೆರಾ ಹಿಡಿದು ಹೊರಡುವ ಕಾಸರಗೋಡಿನವರಿಗೆ

ನಮ್ಮಲ್ಲಿ ಆಟಿಯ ಮಳೆ ಹೊಯ್ಯುವಾಗ ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ನಡುಬೇಸಿಗೆ. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಯುರೋಪಿಗೆ ಹೋಗುವ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯವರು ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಮುಟ್ಟಿ ನಾಲ್ಕಕ್ಕೆ ಹಿಂದಿರುಗುತ್ತಾರೆ. ಚಿತ್ರ ತೆಗೆಯಲು ಅದರಷ್ಟು ಕೆಟ್ಟ ಹೊತ್ತು ಬೇರೆ ಇಲ್ಲ. ಬಿಸಿಲು ನೆತ್ತಿಯ ಮೇಲಿರುತ್ತದೆ, ಹಿಮ ಕರಗಿ ಮಂಕಾಗಿರುತ್ತದೆ, ಮಧ್ಯಾಹ್ನ ಕಳೆದಂತೆ ಊರಿನ ಎದುರಿನ ಮ್ಯಾಟರ್‌ಹಾರ್ನ್ ಶಿಖರ ಮೋಡದೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗುಡುಗುಮಳೆ ಬರುವುದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಹಾಗಾಗಿ ಎರಡು ರಾತ್ರಿ ಉಳಿಯುವ ಏರ್ಪಾಡು ಮಾಡಿ. ಒಂದು ಬೆಳಗ್ಗೆ ಮೋಡ ಮುಚ್ಚಿದರೂ ಇನ್ನೊಂದು ಬಾಕಿ ಇರುತ್ತದೆ.

ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು. ಮೇ ತಿಂಗಳಲ್ಲಿ ಟಿಕೆಟ್ ಅಗ್ಗ ಎಂದು ಹೊರಟರೆ ಕಷ್ಟ: ಸ್ಕೀ ಕಾಲ ಮುಗಿದು ಬೇಸಿಗೆ ಕಾಲ ಶುರುವಾಗುವ ಸಂದಿಯಲ್ಲಿ ಹಲವು ಹೋಟೆಲುಗಳು ಬಾಗಿಲು ಹಾಕುತ್ತವೆ, ಕೇಬಲ್ ಕಾರುಗಳು ದುರಸ್ತಿಗೆ ನಿಲ್ಲುತ್ತವೆ, ಎತ್ತರದ ಕೆರೆಗಳ ಮೇಲೆ ಮಂಜುಗಡ್ಡೆ ಇನ್ನೂ ಕರಗಿರುವುದಿಲ್ಲ.

ಜ್ಯೂರಿಕ್‌ನಿಂದಾಗಲಿ ಜಿನೀವಾದಿಂದಾಗಲಿ ರೈಲಿನಲ್ಲಿ ಫಿಸ್ಪ್‌ಗೆ ಬಂದು, ಅಲ್ಲಿ ಗಾಡಿ ಬದಲಿಸಬೇಕು. ಝೆರ್ಮಾಟ್‌ನೊಳಗೆ ಪೆಟ್ರೋಲ್, ಡೀಸೆಲ್ ಕಾರಿಗೆ ಪ್ರವೇಶವಿಲ್ಲ. ಬಾಡಿಗೆ ಕಾರಿನಲ್ಲಿ ಬಂದವರು ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ಅದನ್ನು ಬಿಟ್ಟು, ಹನ್ನೆರಡು ನಿಮಿಷದ ರೈಲು ಹಿಡಿಯಬೇಕು. ಸ್ವಿಸ್ ಹಾಫ್ ಫೇರ್ ಕಾರ್ಡ್ ಇದ್ದರೆ ಊರಿನಿಂದ ಗೋರ್ನರ್‌ಗ್ರಾಟ್ ಬೆಟ್ಟಕ್ಕೆ ಏರುವ ಹಲ್ಲುಗಾಲಿ ರೈಲಿಗೂ ಅರ್ಧ ದರ. ಬೆಟ್ಟದ ಟಿಕೆಟ್ ದುಬಾರಿ, ಆದ್ದರಿಂದ ಮುಂಚಿತವಾಗಿ ಖರೀದಿಸಬೇಡಿ. ಹಿಂದಿನ ರಾತ್ರಿ ಸ್ವಿಸ್ ಹವಾಮಾನ ಇಲಾಖೆಯ ಆ್ಯಪ್, ಬೆಳಗ್ಗೆ ಎದ್ದೊಡನೆ ಬೆಟ್ಟದ ಮೇಲಿನ ವೆಬ್‌ಕ್ಯಾಮ್, ಎರಡನ್ನೂ ನೋಡಿ ಕೊಂಡರೆ ಸಾಕು.

ಸಾಮಾನಿನ ವಿಷಯ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೊಂದುವುದಿಲ್ಲ. ತೆಳು ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೆಯೇ ಕೂರುತ್ತದೆ. ಬಿಡಿ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ತುಪ್ಪ, ಹಾಲಿನ ಸಿಹಿ ಬೇಡ, ಭಾರತದಿಂದ ತರುವ ಹಾಲು, ಮಾಂಸದ ತಿನಿಸಿಗೆ ಕಸ್ಟಮ್ಸ್‌ನಲ್ಲಿ ನಿಷೇಧವಿದೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಕುಚ್ಚಲಕ್ಕಿ ಒಯ್ದರೆ ಮಾತ್ರ ಪಶ್ಚಾತ್ತಾಪ ಪಡುತ್ತೀರಿ: 1,600 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅದು ಬೇಯಲು ಇನ್ನೂ ಹೆಚ್ಚು ಹೊತ್ತು ಬೇಕು. ಡ್ರೋನ್ ಮನೆಯಲ್ಲೇ ಇರಲಿ. ಪರ್ವತ ರಕ್ಷಣೆಯ ಹೆಲಿಕಾಪ್ಟರ್‌ಗಳ ನೆಲೆ ಆ ಊರಲ್ಲೇ ಇದೆ.

ಬೆಳಗಿನ ಕೆಲಸ

4,478 ಮೀಟರಿನ ಮ್ಯಾಟರ್‌ಹಾರ್ನ್ ಊರಿನಿಂದ ನೋಡಿದರೆ ಎರಡು ಮುಖ ತೋರಿಸುತ್ತದೆ. ಎಡಕ್ಕೆ ಪೂರ್ವ ಮುಖ, ಬಲಕ್ಕೆ ಉತ್ತರ ಮುಖ, ನಡುವೆ ನಮ್ಮತ್ತ ಇಳಿದು ಬರುವ ಹ್ಯೋರ್ನ್ಲಿ ಏಣು. ಸೂರ್ಯನ ಮೊದಲ ಬೆಳಕು ತುದಿಗೆ ತಾಗಿ, ಪೂರ್ವ ಮುಖದ ಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಜುಲೈ ನಡುವಿನಲ್ಲಿ ಇದು ಆರು ಗಂಟೆಗೆ ಸ್ವಲ್ಪ ಮೊದಲು; ಕೆಂಪು ನಿಲ್ಲುವುದು ಕೆಲವೇ ನಿಮಿಷ. ಸಂಜೆ ಸೂರ್ಯ ಪಶ್ಚಿಮಕ್ಕೆ ಹೋಗುವುದರಿಂದ ಈ ಪೂರ್ವ ಮುಖ ನೆರಳಲ್ಲೇ ಉಳಿಯುತ್ತದೆ.

ಊರೊಳಗಿನ ಜಾಗ ಚರ್ಚಿನ ಪಕ್ಕದ ಸೇತುವೆ. ನಲ್ವತ್ತು ನಿಮಿಷ ಮೊದಲೇ ಹೋಗದಿದ್ದರೆ ಕಂಬಿಯ ಬಳಿ ಟ್ರೈಪಾಡ್ ಇಡಲು ಜಾಗ ಸಿಗದು. ನಡೆದಾಡುವವರು ಇದ್ದರೆ ಸೇತುವೆ ಅದುರುತ್ತದೆ, ಅವರು ದಾಟಿದ ಮೇಲೆ ಒತ್ತಿ. ಐಎಸ್‌ಓ 100, ಎಫ್ 8, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ), ಎರಡು ಸೆಕೆಂಡಿನ ಟೈಮರ್. ಬೆಳಗಿದ ಶಿಖರಕ್ಕೂ ನೆರಳಿನ ಕಣಿವೆಗೂ ನಾಲ್ಕೈದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಅಂತರ ಇರುವುದರಿಂದ −2, 0, +2 ಎಂದು ಮೂರು ತೆಗೆದು ಆಮೇಲೆ ಜೋಡಿಸಿ. ಒಂದೇ ಚಿತ್ರ ಸಾಕೆನ್ನುವವರು ಶಿಖರಕ್ಕೆ ಸರಿಹೊಂದಿಸಿ ಊರನ್ನು ಕತ್ತಲಲ್ಲೇ ಬಿಡಲಿ. ಕಿಟಕಿಗಳ ಹಳದಿ ದೀಪಕ್ಕೆ ಅದೇ ಚಂದ.

ನಾಲ್ಕೂವರೆಗೇ ಎದ್ದು ಬಂದರೆ ಇನ್ನೊಂದು ಚಿತ್ರವುಂಟು. ಆರೋಹಿಗಳು 3,260 ಮೀಟರ್‌ನ ಹ್ಯೋರ್ನ್ಲಿ ಬಿಡಾರದಿಂದ ಕತ್ತಲಲ್ಲೇ ಹೊರಡುತ್ತಾರೆ. ಅವರ ತಲೆದೀಪಗಳು ಏಣಿನ ಮೇಲೆ ಚುಕ್ಕಿಗಳಾಗಿ ಕಾಣುತ್ತವೆ. 200 ಎಂಎಂ ಲೆನ್ಸ್, ಎಫ್ 4, ಐಎಸ್‌ಓ 1600, ಎಂಟರಿಂದ ಹದಿನೈದು ಸೆಕೆಂಡ್. ಫೋಕಸನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ ಕೈಯಿಂದಲೇ ಮಾಡಬೇಕು, ಆಟೋಫೋಕಸ್ ಕತ್ತಲಲ್ಲಿ ಆಚೀಚೆ ತಡಕಾಡುತ್ತಲೇ ಇರುತ್ತದೆ. 1865ರ ಜುಲೈ 14ರಂದು ಮೊದಲ ತಂಡ ತುದಿ ಮುಟ್ಟಿದ್ದು ಇದೇ ಏಣಿನಲ್ಲಿ. ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು.

ಕೆರೆಯ ಬಿಂಬ

ರಿಫೆಲ್‌ಸೇ ಕೆರೆ 2,757 ಮೀಟರ್‌ನಲ್ಲಿದೆ. ಗೋರ್ನರ್‌ಗ್ರಾಟ್ ರೈಲಿನ ರೋಟೆನ್‌ಬೋಡನ್ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ಕೆಳಗೆ ನಡೆದರೆ ಸಿಗುತ್ತದೆ. ಕೆರೆ ಚಿಕ್ಕದು. ಹಾಗಾಗಿ ಕ್ಯಾಮೆರಾವನ್ನು ನೀರಿನಿಂದ ಒಂದಡಿ ಎತ್ತರಕ್ಕೆ ಇಳಿಸಿ. 16ರಿಂದ 24 ಎಂಎಂ ಬೇಕು. ಬಿಸಿಲೇರಿ ಇಳಿಜಾರು ಕಾಯುತ್ತಿದ್ದಂತೆ ಕಣಿವೆಯಿಂದ ಗಾಳಿ ಏಳುತ್ತದೆ, ಅದರೊಂದಿಗೆ ಬಿಂಬವೂ ಚೂರಾಗುತ್ತದೆ. ಮೊದಲ ರೈಲಿಗೇ ಹೋಗಿ. ಸೂರ್ಯೋದಯವೇ ಬೇಕಾದರೆ ಆ ರೈಲೂ ತಡ. ರಿಫೆಲ್‌ಬೆರ್ಗ್‌ನಲ್ಲೋ ಗೋರ್ನರ್‌ಗ್ರಾಟ್ ತುದಿಯಲ್ಲೋ ಉಳಿಯಬೇಕು. ಬ್ಲೌಹೆರ್ಡ್ ಕಡೆಯ ಸ್ಟೆಲ್ಲಿಸೇ ಕೆರೆಗಾದರೆ ಫ್ಲುಹಾಲ್ಪ್ ಬಿಡಾರ ಹತ್ತಿರ. 3,883 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್‌ಗೆ ಏರುವ ಕೇಬಲ್ ಕಾರಿಗೆ ಸುರಿಯುವ ಹಣವನ್ನು ಇಂಥ ಒಂದು ರಾತ್ರಿಗೆ ಹಾಕುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಹೆಚ್ಚಿನವರು ಕೆಡುವುದು ಪೋಲರೈಸರ್‌ನಿಂದ, ಅಂದರೆ ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರಿನಿಂದ. ತಿರುಗಿಸಿದರೆ ಅದು ಬಿಂಬವನ್ನೇ ಅಳಿಸುತ್ತದೆ, ಎತ್ತರದ ಕಡುನೀಲಿ ಆಕಾಶವನ್ನು ಕಪ್ಪಾಗಿಸುತ್ತದೆ, ವೈಡ್ ಲೆನ್ಸ್‌ನಲ್ಲಿ ಆಕಾಶದ ಒಂದು ಬದಿ ಮಾತ್ರ ಕಪ್ಪು ಬೀಳುತ್ತದೆ. ತೆಗೆದಿಡಿ. ಬಿಂಬ ಯಾವಾಗಲೂ ಬೆಟ್ಟಕ್ಕಿಂತ ಸ್ವಲ್ಪ ಮಂಕು. ಎಡಿಟ್ ಮಾಡುವಾಗ ಅದನ್ನು ಬೆಟ್ಟಕ್ಕಿಂತ ಬೆಳಗಿಸಿದರೆ ನೋಡಿದವರಿಗೆ ಏನೋ ಸುಳ್ಳೆಂದು ಗೊತ್ತಾಗಿಬಿಡುತ್ತದೆ.

ಹಿಮ ಬೂದು ಬರುವುದೇಕೆ?

ಕ್ಯಾಮೆರಾದ ಮೀಟರ್ ಎದುರಿಗೆ ಏನಿದ್ದರೂ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಫ್ರೇಮಿನ ತುಂಬ ಹಿಮನದಿ ಇದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರಿನ ಲೆಕ್ಕಕ್ಕಿಂತ ಬೆಳಕು ಏರಿಸುವ, ಇಳಿಸುವ ಹೊಂದಾಣಿಕೆ) +1ರಿಂದ +1.7ರವರೆಗೆ ಏರಿಸಬೇಕು. ಊರಲ್ಲೇ ಅಭ್ಯಾಸ ಮಾಡಿ: ಬಿಸಿಲಿಗೆ ಒಣಹಾಕಿದ ಬಿಳಿ ಮುಂಡನ್ನು ಫ್ರೇಮ್ ತುಂಬ ತೆಗೆದುಕೊಂಡು ಸೊನ್ನೆ, +1, +1.3, +1.7ರಲ್ಲಿ ಒಂದೊಂದು ಒತ್ತಿ. ಸೊನ್ನೆಯದು ಸೋಪು ಕಾಣದ ಬಟ್ಟೆಯಂತೆ ಬರುತ್ತದೆ. ಬೆಳ್ಳಗೂ ಇದ್ದು ನೇಯ್ಗೆಯ ಎಳೆಯೂ ಉಳಿದಿರುವುದು ಯಾವುದೋ, ಹಿಮಕ್ಕೂ ಅಲ್ಲಿಂದ ಶುರುಮಾಡಿ. ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಬಲ ಅಂಚಿಗೆ ಹತ್ತಿರ ಬರಲಿ, ಒತ್ತಿಕೊಳ್ಳಬಾರದು. ಮೊಬೈಲಿನಲ್ಲಾದರೆ ಹಿಮದ ಮೇಲೆ ಬೆರಳೊತ್ತಿ ಲಾಕ್ ಮಾಡಿ, ಸೂರ್ಯನ ಗುರುತನ್ನು ಮೇಲಕ್ಕೆಳೆಯಿರಿ. ಹಿಮದ ಮೇಲಿನ ನೆರಳು ನೀಲಿ ಬಂದರೆ ಹೆದರಬೇಡಿ, ಅಲ್ಲಿಗೆ ಬೀಳುವುದು ಆಕಾಶದ ಬೆಳಕೇ.

ಸಮುದ್ರಮಟ್ಟದ ನಮ್ಮವರು ಒಮ್ಮೆಲೇ 3,000 ಮೀಟರ್ ದಾಟಿದರೆ ತಲೆನೋವು, ಏದುಸಿರು ಸಹಜ. ಮೊದಲ ದಿನ ಊರಲ್ಲೇ ಅಡ್ಡಾಡಿ. ತಲೆನೋವು ಬಿಡದಿದ್ದರೆ ಕೂತು ಕಾಯದೆ ಇಳಿದುಬಿಡಿ. ಹಿಮ ನೇರಳಾತೀತ ಕಿರಣವನ್ನು ಹಿಂದಕ್ಕೆ ಎರಚುವುದರಿಂದ ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಹಚ್ಚಬೇಕು. ದಾರಿಯಲ್ಲಿ ಹಳದಿ ಫಲಕ ಎಲ್ಲರಿಗೂ ಸರಿ, ಬಿಳಿ-ಕೆಂಪು-ಬಿಳಿ ಗುರುತಿಗೆ ಗಟ್ಟಿ ಶೂ ಬೇಕು, ಬಿಳಿ-ನೀಲಿ-ಬಿಳಿ ಕಂಡರೆ ತಿರುಗಿ ಬನ್ನಿ.

ಬರೀ ಶಿಖರ ತೆಗೆದು ಬರಬೇಡಿ. ಹಸುರು ಇಳಿಜಾರಿನಲ್ಲಿ ಕೆಲಸವಿಲ್ಲದೆ ನಿಂತ ಹಿಮಫಿರಂಗಿ (ಕೃತಕ ಹಿಮ ಎರಚುವ ಯಂತ್ರ), ಮರವಿಲ್ಲದ ಸ್ಕೀ ಪಟ್ಟಿ, ಕಡಿದಾದ ಜಾಗದಲ್ಲಿ ಹುಲ್ಲು ಕೊಯ್ಯುವ ರೈತರು, ಇವುಗಳನ್ನು ಫ್ರೇಮಿನಿಂದ ತಪ್ಪಿಸಲು ಒದ್ದಾಡುವುದಕ್ಕಿಂತ ಇವುಗಳದ್ದೇ ಚಿತ್ರ ತೆಗೆಯುವುದು ಲೇಸು. ಥಿಯೋಡುಲ್ ಹಿಮನದಿಯಲ್ಲಿ ಬೇಸಿಗೆಯಲ್ಲೂ ಸ್ಕೀ ತಂಡಗಳು ತರಬೇತಿ ಮಾಡುತ್ತವೆ. ಹಿಮ ಗಟ್ಟಿಯಿರುವ ಬೆಳಗ್ಗೆ ಮಾತ್ರ. ಶಟರ್ ಸೆಕೆಂಡಿನ 1/1000ಕ್ಕಿಂತ ನಿಧಾನ ಬೇಡ. ಜುಲೈ, ಆಗಸ್ಟ್‌ನಲ್ಲಿ ಮುಂಭಾಗ ಕಪ್ಪು, ಹಿಂಭಾಗ ಬಿಳಿ ಇರುವ, ಅಲ್ಲಿನ ವಾಲಿಸ್ ಪ್ರಾಂತ್ಯದ ಆಡುಗಳ ಹಿಂಡನ್ನು ಮುಖ್ಯ ಬೀದಿಯಲ್ಲಿ ಹೊಡೆದುಕೊಂಡು ಹೋಗುತ್ತಾರೆ. ಹೊತ್ತನ್ನು ಪ್ರವಾಸಿ ಕಚೇರಿಯಲ್ಲಿ ಕೇಳಿ, ಮಂಡಿಯೂರಿ ಆಡಿನ ಕಣ್ಣೆತ್ತರದಲ್ಲಿ ಕಾಯಿರಿ. ಮುಖದ ಕಪ್ಪಿನಲ್ಲಿ ಕಣ್ಣು ಕಳೆದುಹೋಗದಂತೆ ಬೆಳಕು ಬರುವ ಬದಿಗೆ ನಿಲ್ಲಬೇಕು.

ಚಳಿಯ ತುದಿಯಿಂದ ಬೆಚ್ಚಗಿನ ಉಪಾಹಾರಗೃಹಕ್ಕೆ ಬರುವ ಮೊದಲು ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ, ಅರ್ಧ ಗಂಟೆ ತೆರೆಯಬೇಡಿ. ಇಲ್ಲದಿದ್ದರೆ ಗಾಜಿನ ಮೇಲೆ ನೀರು ಕೂರುತ್ತದೆ. ಮಂಗಳೂರಿನಲ್ಲಿ ಇಳಿಯುವಾಗಲೂ ಇದೇ ಕ್ರಮ, ಆಟಿಯ ತೇವದಲ್ಲಿ ತಣ್ಣನೆ ಲೆನ್ಸ್ ತೆರೆದರೆ ಬೂಷ್ಟಿಗೆ ಆಹ್ವಾನ ಕೊಟ್ಟ ಹಾಗೆ. ಮನೆಗೆ ಬಂದು ಬ್ಯಾಗನ್ನು ಕಪಾಟಿಗೆ ತುರುಕದೆ, ಲೆನ್ಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಆರ್ದ್ರತೆಯ ಮೀಟರಿನೊಂದಿಗೆ ಇಡಿ. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿತೆಂದರೆ ಜೆಲ್ ಬದಲಿಸಿ.